ಮದ್ಯವೂ ಡ್ರಗ್ಸ್ ಅಲ್ಲವೇ?

ಮಗನ ಜೇಬಿನಲ್ಲಿ ಗಾಂಜಾ ಸಿಕ್ಕಿತೆಂದರೆ ಮನೆಯವರೆಲ್ಲ ನಡುಗುತ್ತಾರೆ. ಅದೇ ಮಗ ಸ್ನೇಹಿತನ ಮದುವೆ ಪಾರ್ಟಿಯಲ್ಲಿ ಬೀರು ಕುಡಿದು ಬಂದರೆ, ‘ಹುಡುಗುಬುದ್ಧಿ, ಸರಿಹೋಗ್ತಾನೆ’ ಎಂದು ಹಿರಿಯರೇ ಮುಚ್ಚಿಹಾಕುತ್ತಾರೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಶ್ರಾವಕರ ಮನೆಗಳೂ ಇದಕ್ಕೆ ಹೊರತಲ್ಲ. ಒಂದು ಡ್ರಗ್ಸ್, ಇನ್ನೊಂದು ಬರೀ ಕುಡಿತ ಎಂಬ ಈ ಭೇದ ಎಲ್ಲಿಂದ ಬಂತು?

ಮುಖ್ಯವಾಗಿ ಕಾನೂನಿನಿಂದ. ಗಾಂಜಾ, ಅಫೀಮು, ಹೆರಾಯಿನ್ ಮುಂತಾದವು 1985ರ ಮಾದಕ ವಸ್ತುಗಳ ಕಾಯ್ದೆಗೆ ಬರುತ್ತವೆ. ಮದ್ಯ ಆ ಪಟ್ಟಿಯಲ್ಲಿಲ್ಲ. ನಮ್ಮ ರಾಜ್ಯದಲ್ಲಿ ಅದಕ್ಕೆ 1965ರ ಅಬಕಾರಿ ಕಾಯ್ದೆ. ಒಂದಕ್ಕೆ ಜೈಲು, ಇನ್ನೊಂದಕ್ಕೆ ಲೈಸೆನ್ಸ್ ಮತ್ತು ತೆರಿಗೆ. ಆದರೆ ಸಂವಿಧಾನದ 47ನೇ ವಿಧಿ ಮಾದಕ ಪಾನೀಯ ಮತ್ತು ಹಾನಿಕರ ಮಾದಕ ವಸ್ತು ಎರಡನ್ನೂ ಒಂದೇ ವಾಕ್ಯದಲ್ಲಿ ಇಟ್ಟು, ನಿಷೇಧಕ್ಕೆ ಯತ್ನಿಸಿ ಎಂದು ಸರ್ಕಾರಕ್ಕೆ ಹೇಳಿದೆ. ಬೇರೆ ಮಾಡಿದ್ದು ಖಜಾನೆಯ ಲೆಕ್ಕ, ವಸ್ತುವಿನ ಗುಣವಲ್ಲ.

ಶರೀರಕ್ಕೆ ಈ ಭೇದ ಗೊತ್ತಿಲ್ಲ. ಮದ್ಯದ ಈಥೈಲ್ ಆಲ್ಕೋಹಾಲ್ ಮೆದುಳಿನ ಕೆಲಸವನ್ನು ಕುಗ್ಗಿಸುತ್ತದೆ, ಅಭ್ಯಾಸವಾದಂತೆ ಹೆಚ್ಚು ಹೆಚ್ಚು ಬೇಕೆನಿಸುತ್ತದೆ, ಬಿಟ್ಟರೆ ಕೈ ನಡುಗುತ್ತದೆ. ವೈದ್ಯರು ಮಾದಕ ವಸ್ತು ಎನ್ನುವುದೇ ಇಂಥದ್ದಕ್ಕೆ. ಇದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಹೇಳಿತ್ತು. ‘ಬೀರು ಕುಡಿತವಲ್ಲ’ ಎನ್ನುವವರು ಲೆಕ್ಕ ಹಾಕಲಿ: ಶೇ. 5ರ 650 ಎಂಎಲ್ ಬೀರಿನಲ್ಲಿ ಸುಮಾರು 25 ಗ್ರಾಂ ಆಲ್ಕೋಹಾಲ್, ಒಂದು ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ. ಎರಡೂವರೆ ಬಾಟಲಿ ಬೀರಿಗೆ ಒಂದು ಕ್ವಾರ್ಟರ್ ಸಮ. 2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆಯಲ್ಲಿ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಅವರಲ್ಲಿ 5 ಕೋಟಿಗೂ ಹೆಚ್ಚು ಮಂದಿಗೆ ಚಿಕಿತ್ಸೆ ಅಥವಾ ನೆರವು ಬೇಕು.

ಹಾಗಾದರೆ ಗಾಂಜಾದಂತೆ ಇದನ್ನೂ ನಿಷೇಧಿಸಿ ಕುಡಿದವರನ್ನು ಜೈಲಿಗೆ ಹಾಕಬೇಕೇ? ಗಡಿ ತಾಲ್ಲೂಕಿನವರಿಗೆ ಇದರ ಉತ್ತರ ಗೊತ್ತಿದೆ. ಪಕ್ಕದ ಆಂಧ್ರದಲ್ಲಿ 1995ರಲ್ಲಿ ಬಂದ ಪೂರ್ಣ ಪಾನನಿಷೇಧ 1997ರಲ್ಲಿ ಸಡಿಲವಾಯಿತು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಗಡಿಯಾಚೆಯ ಕೃಷ್ಣಗಿರಿ ಕಡೆ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತರು. ಸತ್ತವರು ಬಹುತೇಕ ಕೂಲಿಯವರು. ಆದ್ದರಿಂದ ಮನೆಯಲ್ಲಿ, ಆಸ್ಪತ್ರೆಯಲ್ಲಿ ಮದ್ಯವನ್ನು ಡ್ರಗ್ಸ್ ಎಂದೇ ಎಣಿಸಬೇಕು. ಪೊಲೀಸ್ ಠಾಣೆಯಲ್ಲಿ ಹಾಗೆ ಎಣಿಸಿದರೆ ಬಡವನಿಗೇ ಪೆಟ್ಟು.

ಶ್ರಾವಕನಿಗಂತೂ ಈ ಪ್ರಶ್ನೆ ಹೊಸದಲ್ಲ. ಸಪ್ತವ್ಯಸನಗಳಲ್ಲಿ ಮದ್ಯವಿದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಮದ್ಯತ್ಯಾಗವನ್ನು ಮೂಲಗುಣಗಳಲ್ಲೇ ಸೇರಿಸಿದ್ದಾರೆ. ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಕೊಡುವ ಕಾರಣ ಎರಡು: ಅದು ಮನಸ್ಸನ್ನು ಮೋಹಗೊಳಿಸಿ ಧರ್ಮವನ್ನು ಮರೆಸುತ್ತದೆ, ಅನೇಕ ಜೀವಗಳಿಗೆ ಅದೇ ಜನ್ಮಸ್ಥಾನ. ಮೊದಲ ಕಾರಣ ಗಾಂಜಾಕ್ಕೂ ಹಾಗೆಯೇ ಹೊಂದುತ್ತದೆ.

ಕಷ್ಟವಿರುವುದು ಕುಡಿಯದವನ ವ್ಯಾಪಾರದಲ್ಲಿ. ಶ್ವೇತಾಂಬರ ಪರಂಪರೆಯ ಹದಿನೈದು ಕರ್ಮಾದಾನಗಳಲ್ಲಿ ಮದ್ಯದ ಮಾರಾಟ ‘ರಸವಾಣಿಜ್ಯ’ಕ್ಕೆ ಸೇರುತ್ತದೆ. ಮಾರುವುದಿಲ್ಲ, ಸರಿ. ಮಳಿಗೆಯನ್ನು ವೈನ್ಸ್ ಅಂಗಡಿಗೆ ಬಾಡಿಗೆಗೆ ಕೊಡಬಹುದೇ? ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡವೆಂದು ಸುಪ್ರೀಂ ಕೋರ್ಟ್ 2016ರ ಡಿಸೆಂಬರ್‌ನಲ್ಲಿ ಹೇಳಿದಾಗ ಹೆದ್ದಾರಿ ಬದಿಯ ಊರುಗಳಲ್ಲಿ ಒಳಬೀದಿಯ ಮಳಿಗೆಗೆ ಬೇಡಿಕೆ ಬಂತು. ಮುಂದಿನ ಜುಲೈನಲ್ಲಿ ಪಟ್ಟಣ ವ್ಯಾಪ್ತಿಗೆ ಸಡಿಲಿಕೆ ಸಿಕ್ಕಿದರೂ ಪ್ರಶ್ನೆ ಉಳಿದಿದೆ. ಗಾಂಜಾ ಮಾರುವವನಿಗೆ ಯಾವ ಶ್ರಾವಕನೂ ಬೀಗದ ಕೈ ಕೊಡುವುದಿಲ್ಲ. ಎರಡೂ ಒಂದೇ ಜಾತಿಯ ವಸ್ತುವೆಂದು ಒಪ್ಪಿದ ಮೇಲೆ ಹೆಚ್ಚು ಬಾಡಿಗೆ ಎಂಬ ನೆಪ ನಿಲ್ಲುವುದಿಲ್ಲ.

ಮನೆಯಲ್ಲಿ ಯಾರಾದರೂ ಈಗಾಗಲೇ ಸಿಕ್ಕಿಬಿದ್ದಿದ್ದರೆ ಬೈದು, ಆಣೆ ಮಾಡಿಸಿ, ಕೋಣೆಗೆ ಕೂಡಿಹಾಕುವುದು ಅಪಾಯ. ವರ್ಷಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನಗಳಲ್ಲಿ ಫಿಟ್ಸ್, ಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ವೈದ್ಯರ ನಿಗಾದಲ್ಲೇ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸಾ ವಿಭಾಗವಿದೆ. ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 14446.