ಸಂತೆಯ ಚೀಲ, ಮನೆಯ ಕಣಜ

ನಾವು ವ್ಯಾಪಾರಸ್ಥರು. ಕೊಳ್ಳುವುದು, ಮಾರುವುದು ನಮಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ಅಂಗಡಿಗೆ ಮಾಲು ತರುವಾಗ ಕಾಳನ್ನು ಅಂಗೈಯಲ್ಲಿ ಹಿಡಿದು, ಹಲ್ಲಿನಲ್ಲಿ ಕಡಿದು, ವಾಸನೆ ನೋಡಿ, ನಾಲ್ಕು ಕಡೆ ದರ ವಿಚಾರಿಸಿ ಖರೀದಿ ಮಾಡುವುದು ನಮ್ಮ ರೂಢಿ. ಇದೇ ಜಾಣತನವನ್ನು ಮನೆಯ ಅಡಿಗೆಯ ಖರೀದಿಗೂ ತರಬೇಕೆಂಬುದು ಈ ಲೇಖನದ ಉದ್ದೇಶ. ಇಂದು ಫೋನು ಒತ್ತಿದರೆ ಹಿಟ್ಟಿನ ಪೊಟ್ಟಣ ಬಾಗಿಲಿಗೇ ಬರುತ್ತದೆ. ಆ ಹಿಟ್ಟು ಯಾವ ಸೀಮೆಯ ಕಾಳಿನದು, ಬೀಸಿ ಎಷ್ಟು ದಿನವಾಯಿತು, ಬೆಳೆದವನಿಗೆ ಎಷ್ಟು ಮುಟ್ಟಿತು ಎಂಬುದನ್ನು ಹೇಳುವವರಿಲ್ಲ. ವಾರದ ಸಂತೆಯಲ್ಲಿ ಈ ಮೂರೂ ಪ್ರಶ್ನೆಗಳಿಗೆ ನಿಂತ ಕಾಲಲ್ಲೇ ಉತ್ತರ ಸಿಗುತ್ತದೆ.

ನಮ್ಮ ನೆಲದ ಬೆಳೆ

ಸೊಲ್ಲಾಪುರ, ಮಂಗಳವೇಢೆ, ಅಕ್ಕಲಕೋಟೆ, ಜತ್ತ ಇವೆಲ್ಲ ಮಳೆ ಕಡಿಮೆಯ ಊರುಗಳು. ಇಲ್ಲಿಯ ಎರೆ ಹೊಲದಲ್ಲಿ ಹಿಂಗಾರಿ ಜೋಳವನ್ನು ಸಪ್ಟೆಂಬರ್-ಅಕ್ಟೋಬರದಲ್ಲಿ ಬಿತ್ತುತ್ತಾರೆ. ನೆಲದೊಳಗೆ ಇಂಗಿದ ಹಸಿಯ ಮೇಲೆಯೇ ಬೆಳೆದು ಫೆಬ್ರವರಿ-ಮಾರ್ಚಿಗೆ ಅದು ಕಣಕ್ಕೆ ಬರುತ್ತದೆ. ಕಾಲುವೆಯ ನೀರು ಬೇಡ, ಬೋರಿನ ನೀರು ಬೇಡ. ಕಾಳು ಮನುಷ್ಯರಿಗೆ, ಕಣಿಕೆ ದನಕರುಗಳಿಗೆ. ಮಾಲ್ದಂಡಿ ಎಂದು ಹೆಸರಾದ ಈ ಜೋಳದಿಂದ ಆಯ್ದು ತೆಗೆದ ಎಂ 35-1 ಎಂಬ ತಳಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ 1930ರ ದಶಕದಲ್ಲಿ ಸಿದ್ಧವಾಯಿತು. ಎಷ್ಟೋ ಹೊಸ ತಳಿಗಳು ಬಂದು ಹೋದರೂ ರೊಟ್ಟಿಯ ರುಚಿಗೆ ಜನ ಇಂದಿಗೂ ಅದನ್ನೇ ಕೇಳುತ್ತಾರೆ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರಕಿತು.

ಇಷ್ಟೆಲ್ಲ ಇದ್ದರೂ ರೈತ ಜೋಳ ಬಿತ್ತುವುದಕ್ಕೆ ಹಿಂದೆ ಮುಂದೆ ನೋಡುತ್ತಾನೆ. ಮಾಲ್ದಂಡಿ ಎತ್ತರದ ಬೆಳೆ. ಕೀಳುವುದು, ತೆನೆ ಮುರಿಯುವುದು, ರಾಶಿ ಮಾಡುವುದು ಎಲ್ಲಕ್ಕೂ ಆಳು ಬೇಕು, ಕೂಲಿ ಏರಿದೆ. ಭೀಮಾ ನದಿಗೆ ಉಜನಿ ಅಣೆಕಟ್ಟು 1980ರಲ್ಲಿ ಆದ ಮೇಲೆ ನೀರು ಮುಟ್ಟಿದ ಕಡೆಗೆ ಕಬ್ಬು ಬಂತು. ಕಬ್ಬಿಗೆ ಕಾರ್ಖಾನೆಯ ಗಿರಾಕಿ ಖಾತ್ರಿ, ಜೋಳಕ್ಕೆ ಅಂಥ ಖಾತ್ರಿಯಿಲ್ಲ. ಜೋಳದ ಹೊಲದ ಸುತ್ತ ಬಿತ್ತುತ್ತಿದ್ದ ಕುಸುಬೆಯ ಗತಿಯೂ ಇದೇ. ಅದರ ಮುಳ್ಳು ದನಗಳನ್ನು ಹೊಲದಿಂದ ದೂರ ಇಡುತ್ತಿತ್ತು, ಅದರ ಎಣ್ಣೆ ಒಗ್ಗರಣೆಗೆ ಆಗುತ್ತಿತ್ತು. ಅಗ್ಗದ ಎಣ್ಣೆಗಳು ಬಂದ ಮೇಲೆ ಕುಸುಬೆಯನ್ನು ಕೇಳುವವರು ಕಡಿಮೆಯಾದರು.

ಕೇಳುವವರಿದ್ದರೆ ಮಾಲು ಬರುತ್ತದೆ, ಕೇಳುವವರಿಲ್ಲದಿದ್ದರೆ ನಿಲ್ಲುತ್ತದೆ. ಈ ಮಾತು ಅಂಗಡಿಗೆ ಎಷ್ಟು ನಿಜವೋ ಹೊಲಕ್ಕೂ ಅಷ್ಟೇ ನಿಜ. ಸರಕಾರ 2023ನೇ ವರ್ಷವನ್ನು ಸಿರಿಧಾನ್ಯದ ವರ್ಷವೆಂದು ಜಗತ್ತಿನೊಂದಿಗೆ ಆಚರಿಸಿತು. ಆದರೆ ವರ್ಷದ ಆಚರಣೆಯಿಂದ ಹೊಲ ಉಳಿಯುವುದಿಲ್ಲ, ವಾರದ ಗಿರಾಕಿಯಿಂದ ಉಳಿಯುತ್ತದೆ.

ಬೆಳೆದವರನ್ನು ಗುರುತಿಸುವುದು ಹೇಗೆ?

ಸಂತೆಗೆ ಬಂದವರೆಲ್ಲರೂ ರೈತರಲ್ಲ. ಪೇಟೆಯ ಲಿಲಾವಿನಲ್ಲಿ ಹಿಡಿದು ತಂದು ಮಾರುವವರೂ ಇದ್ದಾರೆ. ಅವರದೂ ದುಡಿಮೆಯೇ, ಅವರನ್ನು ಹಳಿಯುವ ಕಾರಣವಿಲ್ಲ. ಆದರೆ ವ್ಯತ್ಯಾಸ ತಿಳಿದಿರಬೇಕು. ಮಾರುವವರ ಹತ್ತಿರ ಹತ್ತೆಂಟು ಜಾತಿಯ ಕಾಯಿಪಲ್ಲೆ ಒಂದೇ ಅಳತೆಯಲ್ಲಿ ಹೊಳೆಯುತ್ತಿರುತ್ತದೆ. ಬೆಳೆದವರ ಹತ್ತಿರ ಎರಡೋ ಮೂರೋ ಪದಾರ್ಥ, ಸಣ್ಣ ಗುಂಪೆ, ದೊಡ್ಡದು ಚಿಕ್ಕದು ಕೂಡಿಯೇ ಇರುತ್ತವೆ. ಸಾಮಾನ್ಯವಾಗಿ ಅವರು ಸಂತೆಯ ಅಂಚಿನಲ್ಲಿ ಗೋಣಿತಟ್ಟು ಹಾಸಿಕೊಂಡು ಕುಳಿತಿರುತ್ತಾರೆ. "ಯಾವ ಊರು? ಯಾವಾಗ ಬಿತ್ತಿದ್ದು? ಏನು ಹೊಡೆದಿದ್ದೀರಿ?" ಎಂದು ಕೇಳಿರಿ. ಬೆಳೆದವರು ತಡವರಿಸದೆ ಹೇಳುತ್ತಾರೆ. ಔಷಧ ಹೊಡೆದಿದ್ದರೆ ಎಷ್ಟು ದಿನವಾಯಿತೆಂದೂ ಕೇಳಿರಿ. ಗಿರಾಕಿ ಕೇಳುತ್ತಾನೆಂದು ಗೊತ್ತಾದರೆ ಮುಂದಿನ ಸಲ ಅವರೂ ಎಚ್ಚರ ವಹಿಸುತ್ತಾರೆ.

ಋತುವನ್ನು ನೋಡಿ ಕೊಳ್ಳಬೇಕು. ಚಳಿಗಾಲದಲ್ಲಿ ಕಡಲೆಯ ಎಳೆ ಕುಡಿ ಬರುತ್ತದೆ. ಕುಡಿ ಚಿವುಟಿದರೆ ಗಿಡಕ್ಕೆ ಹಾನಿಯಿಲ್ಲ, ಅದು ಇನ್ನಷ್ಟು ಕವಲೊಡೆಯುತ್ತದೆ. ಜೋಳದ ಹೊಲದಲ್ಲಿ ತಾನಾಗಿ ಹುಟ್ಟುವ ಹಕ್ಕರಕಿ ರೊಟ್ಟಿಯ ಜೊತೆ ಹಸಿಯಾಗಿಯೇ ನಡೆಯುತ್ತದೆ. ಮಳೆಗಾಲಕ್ಕೆ ಹೀರೆ, ಸವತೆ, ಚವಳಿ ಇವೆ. ಕಂದಮೂಲ ಬಿಟ್ಟ, ಚಾತುರ್ಮಾಸದಲ್ಲಿ ಸೊಪ್ಪು ಬಿಟ್ಟ ನಮ್ಮ ಮನೆಗಳಿಗೆ ಋತುವಿನ ಲೆಕ್ಕ ಹೊಸದಲ್ಲ. ಮಳೆಗಾಲದ ಸೊಪ್ಪಿನಲ್ಲಿ ಸೂಕ್ಷ್ಮ ಜೀವಿಗಳು ಹೆಚ್ಚು. ಹಾಗೆಂದು ಹಿರಿಯರು ಸೊಪ್ಪು ಬಿಟ್ಟರು, ಬೇಳೆಕಾಳು ಹಿಡಿದರು. ಋತುವಲ್ಲದ ಋತುವಿನಲ್ಲಿ ದೂರದಿಂದ ಬಂದ ಪದಾರ್ಥಕ್ಕೆ ಲಾರಿಯ ಬಾಡಿಗೆ, ಶೀತಗೃಹದ ಖರ್ಚು ಎಲ್ಲ ಕೂಡಿರುತ್ತದೆ. ಅದನ್ನು ತೆರುವವರು ನಾವೇ.

ವರ್ಷದ ಜೋಳ

ತರಕಾರಿಯನ್ನು ವಾರಕ್ಕೊಮ್ಮೆ, ಕಾಳನ್ನು ವರ್ಷಕ್ಕೊಮ್ಮೆ ಕೊಳ್ಳುವುದು ಹಳೆಯ ಪದ್ಧತಿ. ರಾಶಿಯಾದ ಮೇಲೆ ಮಾರ್ಚ್-ಏಪ್ರಿಲದಲ್ಲಿ ಗುರುತಿನ ರೈತನಿಂದ ಜೋಳ, ತೊಗರಿ, ಕಡಲೆ ತೆಗೆದುಕೊಂಡರೆ ಇಬ್ಬರಿಗೂ ಅನುಕೂಲ. ರೈತನಿಗೆ ಸಾಲ ತೀರಿಸುವ ಹೊತ್ತಿಗೆ ರೋಖ ಹಣ ಸಿಗುತ್ತದೆ, ನಮಗೆ ಒಂದೇ ಹೊಲದ ಮಾಲು ಸಿಗುತ್ತದೆ. ಕೊಳ್ಳುವಾಗ ಕಾಳನ್ನು ಹಲ್ಲಿನಲ್ಲಿ ಕಡಿಯಿರಿ. ಕಟ್ಟನೆ ಸದ್ದಾದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಇನ್ನೂ ಹಸಿಯಿದೆ. ಮನೆಗೆ ತಂದ ಮೇಲೆ ಎರಡು ಮೂರು ದಿನ ಬಿಸಿಲಿಗೆ ಹಾಕಿ, ನೆರಳಿನಲ್ಲಿ ಆರಿಸಿ, ಒಣಗಿದ ಬೇವಿನ ಎಲೆ ಸೇರಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು. ಬೇಳೆಗೆ ಹರಳೆಣ್ಣೆಯ ಕೈ ಸವರುವ ರೂಢಿಯೂ ಒಳ್ಳೆಯದು. ಹುಳು ಆದ ಮೇಲೆ ವಿಷದ ಗುಳಿಗೆ ಇಡುವುದಕ್ಕಿಂತ ಹುಳು ಹುಟ್ಟದಂತೆ ನೋಡಿಕೊಳ್ಳುವುದೇ ಅಹಿಂಸೆಯನ್ನು ನಂಬಿದ ಮನೆಗೆ ತಕ್ಕದ್ದು.

ಹಿಟ್ಟನ್ನು ಮಾತ್ರ ಕೂಡಿಡಬಾರದು. ಜೋಳದ ಹಿಟ್ಟು ಹಳತಾದರೆ ಕಹಿಯಾಗುತ್ತದೆ, ರೊಟ್ಟಿ ಬಡಿಯುವಾಗ ಒಡೆಯುತ್ತದೆ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ನಮ್ಮಲ್ಲಿ ಹಾಕಿದ ಮರ್ಯಾದೆಯನ್ನು ಹೊಸ ಸೊಸೆಯಂದಿರಿಗೆ ತಿಳಿಸಿ ಹೇಳಬೇಕು. ಕಾಳು ಮನೆಯಲ್ಲಿದ್ದರೆ, ಗಿರಣಿ ಓಣಿಯಲ್ಲಿದ್ದರೆ ಈ ನಿಯಮ ಕಷ್ಟವಲ್ಲ. ತಿಂಗಳುಗಟ್ಟಲೆ ಇಟ್ಟ ಪೊಟ್ಟಣದ ಹಿಟ್ಟಿನಲ್ಲಿ ಇದನ್ನು ಪಾಲಿಸುವುದು ಸಾಧ್ಯವೇ ಇಲ್ಲ.

ದರ ಮತ್ತು ತೂಕ

ಚೌಕಾಸಿ ನಮ್ಮ ರಕ್ತದಲ್ಲಿದೆ. ಆದರೆ ಚೌಕಾಸಿಗೂ ಒಂದು ಮಿತಿ ಇರಬೇಕು. 2025-26ರ ಸಾಲಿಗೆ ಕೇಂದ್ರ ಸರಕಾರ ಮಾಲ್ದಂಡಿ ಜೋಳಕ್ಕೆ ಕ್ವಿಂಟಾಲಿಗೆ 3,749 ರೂಪಾಯಿ ಕನಿಷ್ಠ ಬೆಂಬಲ ಬೆಲೆ ನಿಗದಿ ಮಾಡಿದೆ, ಅಂದರೆ ಕಿಲೋಗೆ ಸುಮಾರು 37 ರೂಪಾಯಿ 50 ಪೈಸೆ. ಸಂತೆಯಲ್ಲಿ ಹಸನು ಮಾಡಿದ ಒಳ್ಳೆಯ ಜೋಳವನ್ನು ಅದಕ್ಕೂ ಕೆಳಗೆ ಕೇಳುವುದು ವ್ಯಾಪಾರವಲ್ಲ. ಇಪ್ಪತ್ತು ಕಟ್ಟು ಮೆಂತ್ಯ ತಂದ ಹೆಣ್ಣುಮಗಳ ಲೆಕ್ಕ ನೋಡಿರಿ. ಪ್ರತಿ ಕಟ್ಟಿಗೆ 2 ರೂಪಾಯಿ ಇಳಿಸಿದರೆ ಅವಳಿಗೆ 40 ರೂಪಾಯಿ ಹೋಯಿತು. ಅದು ಅವಳ ಬಸ್ಸಿನ ಖರ್ಚು. ನಮಗೆ ಉಳಿದದ್ದು ಕೇವಲ 2 ರೂಪಾಯಿ. ತೂಕದಲ್ಲಿ ಮಾತ್ರ ಬಿಗಿಯಾಗಿರಿ. ತಕ್ಕಡಿ ಸೊನ್ನೆಯಲ್ಲಿದೆಯೇ, ಮುದ್ರೆ ಇದೆಯೇ ಎಂದು ನೋಡುವುದು ಅಪನಂಬಿಕೆಯಲ್ಲ, ಶಿಸ್ತು.

ಇನ್ನೊಂದು ಮಾತು. ಮನೆಯಿಂದ ಎರಡು ಬಟ್ಟೆಯ ಚೀಲ ಒಯ್ಯಿರಿ, ಒಂದು ಕಾಯಿಪಲ್ಲೆಗೆ, ಒಂದು ಕಾಳಿಗೆ. ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ. ಕಾನೂನಿಗಿಂತ ಮೊದಲು, ಕಸದ ಗುಂಪೆಯಲ್ಲಿ ಚೀಲ ತಿಂದು ಸಾಯುವ ಗೋವುಗಳ ಬಗ್ಗೆ ಕನಿಕರ ಇರುವವರು ನಾವು.

ನೆರೆ ರಾಜ್ಯಗಳಲ್ಲಿ

ಆದವಾನಿ, ರಾಯದುರ್ಗ, ಹೊಸೂರು ಕಡೆಯ ಬಂಧುಗಳಿಗೆ ಇನ್ನೊಂದು ಅನುಕೂಲವಿದೆ. ಆಂಧ್ರದಲ್ಲಿ 1999ರ ಜನವರಿ 26ರಂದು ರೈತು ಬಜಾರ್ ಯೋಜನೆ ಆರಂಭವಾಯಿತು. ತಮಿಳುನಾಡಿನಲ್ಲಿ ಅದೇ ವರ್ಷ ನವೆಂಬರ್ 14ರಂದು ಮಧುರೆಯಲ್ಲಿ ಮೊದಲ ಉಳವರ್ ಸಂದೈ ತೆರೆಯಿತು, ಹೊಸೂರಿನಲ್ಲೂ ಅದು ಇದೆ. ಗುರುತಿನ ಚೀಟಿ ಇರುವ ರೈತರಿಗೆ ಮಾತ್ರ ಅಲ್ಲಿ ಜಾಗ, ಮತ್ತು ಸಗಟು ದರಕ್ಕಿಂತ ಮೇಲೆ, ಚಿಲ್ಲರೆ ದರಕ್ಕಿಂತ ಕೆಳಗೆ ಇರುವಂತೆ ದಿನದ ದರವನ್ನು ಹಲಗೆಯ ಮೇಲೆ ಬರೆಯುತ್ತಾರೆ. ಮಹಾರಾಷ್ಟ್ರದಲ್ಲಿಯೂ 2016ರಿಂದ ಹಣ್ಣು-ತರಕಾರಿಯನ್ನು ಮಾರುಕಟ್ಟೆ ಸಮಿತಿಯ ಹೊರಗೆ ಮಾರುವ ಸ್ವಾತಂತ್ರ್ಯ ರೈತನಿಗಿದೆ.

"ಹೀಗೆ ಎಲ್ಲರೂ ರೈತನ ಹತ್ತಿರವೇ ಕೊಂಡರೆ ನಮ್ಮ ಅಡತಿ, ಕಿರಾಣಿ ಅಂಗಡಿಗಳ ಗತಿಯೇನು?" ಎಂದು ಕೆಲವರು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ನಮ್ಮ ಅಂಗಡಿಗೆ ಇಂದು ಪೈಪೋಟಿ ಗೋಣಿತಟ್ಟಿನ ರೈತನಿಂದಲ್ಲ, ದೂರದ ಗೋದಾಮಿನಿಂದ ಬರುವ ಪೊಟ್ಟಣದಿಂದ. ಇಲ್ಲಿ ಬೆಳೆ ಉಳಿದರೆ ಮಾತ್ರ ಇಲ್ಲಿ ಅಡತಿ ಉಳಿಯುತ್ತದೆ. ಊರಿನ ಜೋಳ, ಊರಿನ ತೊಗರಿ, ಗಾಣದ ಕುಸುಬೆ ಎಣ್ಣೆಯನ್ನು ಯಾವ ಹಳ್ಳಿಯದೆಂದು ಬರೆದಿಟ್ಟು ಮಾರುವ ಅಂಗಡಿಗೆ ಗಿರಾಕಿ ಹುಡುಕಿಕೊಂಡು ಬರುತ್ತಾರೆ. ಈ ಕೆಲಸವನ್ನು ನಮಗಿಂತ ಚೆನ್ನಾಗಿ ಮಾಡುವವರಿಲ್ಲ.

ಆದ್ದರಿಂದ ಬರುವ ಸಂತೆಯ ದಿನ ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿರಿ. ಹೈಬ್ರಿಡ್ ಜೋಳ ಯಾವುದು, ಮಾಲ್ದಂಡಿ ಯಾವುದು ಎಂದು ಅವರ ಕೈಗೆ ಕೊಟ್ಟು ತೋರಿಸಿರಿ. ನಾಳೆ ಗಲ್ಲೆಯ ಮೇಲೆ ಕೂಡುವವರು ಅವರು. ಕಾಳಿನ ಗುರುತು, ಬೆಳೆದವರ ಪರಿಚಯ ಎರಡೂ ಅವರಿಗೆ ಇರಲಿ.