ಬಿಪಿಯಲ್ಲಿ ಬಿಳಿ ಕಣಗಳ ಕೈವಾಡ

ಗೆಳೆಯರೊಬ್ಬರ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಾಗ ಮೊದಲು ಕಂಡಿದ್ದು ತಿಳಿಗುಲಾಬಿ ಬಿಲ್ಲೆಗಳ ಜಾತ್ರೆ. ಎಲ್ಲವೂ ಕೆಂಪು ರಕ್ತಕಣಗಳು. ಅಲ್ಲಿನ ತಂತ್ರಜ್ಞೆ ಸ್ಲೈಡನ್ನು ಮೆಲ್ಲಗೆ ಸರಿಸುತ್ತಾ ಹೋದರು. ಲೀಶ್‌ಮನ್ ಬಣ್ಣ ಹೀರಿದ ಬಿಳಿ ಕಣವೊಂದು ಬಂತು, ನ್ಯೂಟ್ರೋಫಿಲ್. ಅದರೊಳಗೆ ಸಣ್ಣ ಎಳೆಗಳಿಂದ ಕೂಡಿಕೊಂಡ ಮೂರ್ನಾಲ್ಕು ನೇರಳೆ ತುಣುಕುಗಳು. ಇನ್ನಷ್ಟು ಸರಿಸಿದ ಮೇಲೆ ನಾನು ಕಾಯುತ್ತಿದ್ದ ಲಿಂಫೋಸೈಟ್ ಸಿಕ್ಕಿತು. ಕಣದ ತುಂಬ ಕಡುನೇರಳೆಯ ದುಂಡು ಕೇಂದ್ರ, ಸುತ್ತ ತೆಳ್ಳಗೆ ನೀಲಿ ಅಂಚು.

"ಇದು ಟಿ ಕಣವಾ, ಬಿ ಕಣವಾ?" ಎಂದೆ.

"ನೋಡಿ ಹೇಳಕ್ಕಾಗಲ್ಲ ಸರ್, ಎರಡೂ ಹೀಗೇ ಕಾಣ್ಸುತ್ತೆ."

ಆ ಮಾತಿಗೆ ಮೈ ಜುಮ್ಮೆಂದಿತು. ಕಣ್ಣಿಗೆ ಒಂದೇ ಥರ ಕಾಣುವ ಲಿಂಫೋಸೈಟಿನ ಈ ಎರಡು ಬಗೆಗಳನ್ನು ಬೇರ್ಪಡಿಸಿದ ಪ್ರಯೋಗವೇ ಬಿಪಿಯ ಕಥೆಗೆ ಹೊಸ ತಿರುವು ಕೊಟ್ಟಿದ್ದು.

ಬಿಪಿಗೂ ಬಿಳಿ ಕಣಗಳಿಗೂ ನಂಟಿದೆ ಎಂಬ ಸುಳಿವು ಹಳೆಯದೇ. 1960ರ ದಶಕದಲ್ಲಿ ಅಮೆರಿಕದ ಆರ್ಥರ್ ಗ್ರೋಲ್‌ಮನ್ ತಂಡ, ಬಿಪಿ ಏರಿದ ಇಲಿಗಳ ದುಗ್ಧಗ್ರಂಥಿಯ ಕಣಗಳನ್ನು ಬೇರೆ ಇಲಿಗಳಿಗೆ ಸೇರಿಸಿದಾಗ ಅವಕ್ಕೂ ಬಿಪಿ ಏರಿತ್ತು. ಆಮೇಲೆ ದಶಕಗಳ ಕಾಲ ಹೆಚ್ಚಿನವರು ಅದನ್ನು ಗಣನೆಗೆ ತೆಗೆದುಕೊಳ್ಳಲಿಲ್ಲ. 2007ರಲ್ಲಿ ಅಟ್ಲಾಂಟಾದ ಎಮರಿ ವಿಶ್ವವಿದ್ಯಾಲಯದ ಡೇವಿಡ್ ಹ್ಯಾರಿಸನ್ ಪ್ರಯೋಗಾಲಯದಿಂದ ತೊಮಾಷ್ ಗುಜಿಕ್ ಮತ್ತವರ ಸಂಗಡಿಗರ ಪ್ರಬಂಧ ಬಂತು. ಟಿ, ಬಿ ಎರಡೂ ಇಲ್ಲದ ಇಲಿಗಳಿಗೆ ಅವರು ಬಿಪಿ ಏರಿಸುವ ಆಂಜಿಯೊಟೆನ್ಸಿನ್ ಕೊಟ್ಟರು. ನಮ್ಮಲ್ಲಿ ಮನೆಮನೆಗೂ ಬಂದಿರುವ ಟೆಲ್ಮಿಸಾರ್ಟಾನ್ ಮಾತ್ರೆ ತಡೆಯುವುದು ಇದೇ ಹಾರ್ಮೋನಿನ ಕೆಲಸವನ್ನು. ಆ ಇಲಿಗಳ ಬಿಪಿ ನಿರೀಕ್ಷಿಸಿದಷ್ಟು ಏರಲೇ ಇಲ್ಲ. ಬಿ ಕಣ ಸೇರಿಸಿದರೂ ಬದಲಾವಣೆ ಕಾಣಲಿಲ್ಲ. ಟಿ ಕಣ ಸೇರಿಸಿದ್ದೇ ತಡ, ಒತ್ತಡ ಏರಿತು.

ಟಿ ಕಣಗಳು ಮೂತ್ರಪಿಂಡಕ್ಕೂ ರಕ್ತನಾಳದ ಹೊರಗೋಡೆಗೂ ನುಗ್ಗಿ ಇಂಟರ್‌ಲ್ಯೂಕಿನ್-17ರಂಥ ಉರಿಯೂತದ ರಾಸಾಯನಿಕಗಳನ್ನು ಬಿಡುತ್ತವೆ. ನಾಳ ಸಡಿಲಗೊಳ್ಳುವ ಗುಣ ಕಳೆದುಕೊಳ್ಳುತ್ತದೆ, ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚರ್ಮದ ಕಥೆ. ತಿಂದ ಹೆಚ್ಚುವರಿ ಉಪ್ಪು ಮೂತ್ರದಲ್ಲಿ ಹೋಗಿಬಿಡುತ್ತದೆ ಎಂದೇ ನಾವೆಲ್ಲ ಓದಿದ್ದೆವು. ಜರ್ಮನಿಯ ಸಂಶೋಧಕ ಯೆನ್ಸ್ ಟಿಟ್ಸೆ ಅದನ್ನು ಒಪ್ಪಲಿಲ್ಲ. ಮಂಗಳಯಾನದ ತಾಲೀಮಿಗೆಂದು ಮಾಸ್ಕೋದ ಕೃತಕ ನೌಕೆಯೊಂದರಲ್ಲಿ 2010ರಿಂದ 2011ರವರೆಗೆ ಆರು ಗಂಡಸರು 520 ದಿನ ಬಾಗಿಲು ಹಾಕಿಕೊಂಡಿದ್ದರಲ್ಲ, ಅಂಥವರ ಊಟದ ಉಪ್ಪನ್ನೂ ಮೂತ್ರದ ಉಪ್ಪನ್ನೂ ಅವರ ತಂಡ ಅಳೆಯಿತು. ಉಪ್ಪು ದಿನಕ್ಕೆ 12 ಗ್ರಾಂ, ಆಮೇಲೆ 9, ಆಮೇಲೆ 6. ಒಂದೊಂದು ಅಳತೆಯನ್ನೂ ವಾರಗಟ್ಟಲೆ ಬದಲಿಸದೆ ಕೊಟ್ಟರೂ ಹೊರಬರುವ ಉಪ್ಪು ಹೆಚ್ಚುಕಡಿಮೆ ವಾರಕ್ಕೊಮ್ಮೆ ಏರಿಳಿಯುತ್ತಿತ್ತು. ಮೈಯೊಳಗಿನ ದಾಸ್ತಾನಿನ ಏರಿಳಿತ ಇನ್ನೂ ನಿಧಾನ. ಚರ್ಮ ಅಂಥದ್ದೊಂದು ಉಗ್ರಾಣ. ಅಲ್ಲಿ ಕಾವಲಿರುವುದು ಬಿಳಿ ಕಣಗಳ ಬಳಗದ್ದೇ ಆದ ಮ್ಯಾಕ್ರೋಫೇಜ್! 2009ರಲ್ಲಿ ಇದೇ ತಂಡ ಇಲಿಗಳಲ್ಲಿ ಕಂಡಂತೆ, ಚರ್ಮದಲ್ಲಿ ಉಪ್ಪು ಹೆಚ್ಚಿದರೆ ಈ ಕಣಗಳು ಸಂಕೇತ ಕಳಿಸಿ ದುಗ್ಧನಾಳಗಳನ್ನು ಬೆಳೆಸುತ್ತವೆ. ಆ ಮ್ಯಾಕ್ರೋಫೇಜ್‌ಗಳನ್ನು ತೆಗೆದುಹಾಕಿದಾಗ ಬಿಪಿ ಏರಿತು. ಅಂದರೆ ಒಂದೇ ಬಳಗದಲ್ಲಿ ಒತ್ತಡ ಏರಿಸುವವರೂ ಇದ್ದಾರೆ, ತಡೆಯುವವರೂ ಇದ್ದಾರೆ.

ಅದಕ್ಕೇ "ಉರಿಯೂತ ಕಳೆದರೆ ಬಿಪಿ ಮಾಯ" ಎಂದು ಕಷಾಯದ ಪುಡಿ ಮಾರುವವರನ್ನು ನಾನು ನಂಬುವುದಿಲ್ಲ. 2017ರಲ್ಲಿ ಹೊರಬಂದ ಕ್ಯಾಂಟೋಸ್ ಪರೀಕ್ಷೆಯಲ್ಲಿ, ಮೊದಲೇ ಹೃದಯಾಘಾತವಾಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಉರಿಯೂತ ತಗ್ಗಿಸುವ ಕನಾಕಿನುಮ್ಯಾಬ್ ಅಥವಾ ಖಾಲಿ ಚುಚ್ಚುಮದ್ದು ಕೊಟ್ಟರು. ಔಷಧ ಪಡೆದವರಲ್ಲಿ ಮತ್ತೆ ಹೃದಯಾಘಾತ ಆಗುವುದು ಕಡಿಮೆಯಾಯಿತು, ಬಿಪಿ ಮಾತ್ರ ಇಳಿಯಲಿಲ್ಲ. ಜೊತೆಗೆ ಸೋಂಕಿನಿಂದ ಸಾಯುವವರು ಹೆಚ್ಚಾದರು. ರಕ್ತ ಪರೀಕ್ಷೆಯ ವರದಿಯಲ್ಲಿ ಬಿಳಿ ಕಣಗಳ ಟೋಟಲ್ ಕೌಂಟ್ 11,000 ದಾಟಿದ್ದನ್ನು ನೋಡಿ ಬಿಪಿ ಬಂತೆಂದು ಹೆದರುವುದೂ ಬೇಡ. ಒಂದು ಜ್ವರ ಸಾಕು ಅದು ಏರಲು.

ಮಂಡಿನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಉರಿಯೂತ ತಗ್ಗಿಸುವ ಮಾತ್ರೆಗಳೇ. ಆದರೆ ಅವು ಮೂತ್ರಪಿಂಡದಲ್ಲಿ ಉಪ್ಪು, ನೀರು ಉಳಿಯುವಂತೆ ಮಾಡಿ ಬಿಪಿಯನ್ನು ಏರಿಸುತ್ತವೆ, ಬೆಳಗ್ಗೆ ನುಂಗಿದ ಟೆಲ್ಮಿಸಾರ್ಟಾನಿನ ಬಲವನ್ನೂ ಕುಗ್ಗಿಸುತ್ತವೆ.