ಬಣ್ಣಕ್ಕಿಂತ ಮೊದಲು ಉಸುಕು

ಮಳೆಗಾಲದಲ್ಲಿ ನಮ್ಮ ಕಡೆಯ ದತ್ತವಾಡದ ಹೆಸರು ಪತ್ರಿಕೆಗೆ ಬರುವುದು ಹೆಚ್ಚಾಗಿ ಒಂದೇ ಸುದ್ದಿಗೆ: ದೂಧಗಂಗೆ ಉಕ್ಕಿ ಮಲಿಕವಾಡ–ದತ್ತವಾಡ ಸೇತುವೆ ಮುಳುಗಿತು. ನೀರು ಇಳಿದರೆ ಸುದ್ದಿಯೂ ಮುಗಿಯಿತು. ಕಾರಿನ ಗಾಲಿಗಳ ಕಥೆ ಶುರುವಾಗುವುದು ಆಗಲೇ. ಎರಿಮಣ್ಣಿನ ರಾಡಿ ರಿಮ್ಮಿನ ಒಳಮೈಗೆ ಮೆತ್ತಿಕೊಂಡು ದಿನಗಟ್ಟಲೆ ಹಸಿಯಾಗಿಯೇ ಕೂತಿರುತ್ತದೆ. ಅದು ಒಣಗುವಷ್ಟರಲ್ಲಿ ಕಬ್ಬಿನ ಹಂಗಾಮು. ಟ್ರ್ಯಾಕ್ಟರುಗಳು ಕಿತ್ತ ರಸ್ತೆಯ ಕಲ್ಲು ಸಿಡಿದು ಬಣ್ಣ ಚಕ್ಕೆ ಏಳುತ್ತದೆ. ಅಲ್ಲಿಂದಲೇ ತುಕ್ಕು.

ನಾನೂ ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ನಾಲ್ಕು ಡಬ್ಬಿ ಸಿಲ್ವರ್ ಸ್ಪ್ರೇ ತಂದು, ಪಾಲಿಶ್ ಪೇಪರಿನಿಂದ ಉಜ್ಜಿದ ಶಾಸ್ತ್ರ ಮುಗಿಸಿ, ಭಾನುವಾರ ಅಂಗಳದಲ್ಲಿ ಹೊಡೆದೆ. ಸಂಜೆಗೆ ಗಾಲಿಗಳು ಮದುಮಗನಂತೆ ಮಿಂಚಿದವು. ಮುಂದಿನ ಮಳೆಗೆ ನಟ್ಟುಗಳ ಸುತ್ತ ಗುಳ್ಳೆ ಎದ್ದು ಬಣ್ಣ ಈರುಳ್ಳಿ ಸಿಪ್ಪೆಯ ಹಾಗೆ ಕಿತ್ತುಬಂತು. ತಪ್ಪು ಡಬ್ಬಿಯದಲ್ಲ, ತುಕ್ಕಿನ ಮೇಲೆ ಬಣ್ಣ ಹೊಡೆದ ನನ್ನದು. ಹುಪರಿಯ ಬೆಳ್ಳಿ ಕೆಲಸದವರ ನೆರೆಯಲ್ಲಿದ್ದೂ ನನಗಿದು ಹೊಳೆಯಲಿಲ್ಲವಲ್ಲ! ಕೆಳಗಿನ ಲೋಹ ಶುಚಿಯಿಲ್ಲದೆ ಮೇಲಿನ ಹೊಳಪು ನಿಲ್ಲದು.

ಹಾಗಾಗಿ ಕಬ್ಬಿಣದ ರಿಮ್ಮುಗಳಿಗೆ ನನ್ನ ತೀರ್ಪು ಪೌಡರ್ ಕೋಟಿಂಗ್. ಮೊದಲು ಉಸುಕನ್ನೋ ಉಕ್ಕಿನ ಕಾಳನ್ನೋ ಗಾಳಿಯ ಒತ್ತಡದಿಂದ ಹೊಡೆದು ಹಳೆಯ ಬಣ್ಣ, ತುಕ್ಕು ಎರಡನ್ನೂ ತೆಗೆಯುತ್ತಾರೆ. ಆಮೇಲೆ ವಿದ್ಯುತ್ ಸೋಂಕಿಸಿದ ಬಣ್ಣದ ಪುಡಿಯನ್ನು ಗನ್ನಿನಿಂದ ಊದುತ್ತಾರೆ. ಅದು ರಿಮ್ಮಿಗೆ ತಾನಾಗಿ ಅಂಟಿಕೊಳ್ಳುತ್ತದೆ. 180ರಿಂದ 200 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಕರಗಿ, ಸಾಮಾನ್ಯವಾಗಿ 60–80 ಮೈಕ್ರಾನ್ ದಪ್ಪದ ಗಟ್ಟಿ ಪದರವಾಗುತ್ತದೆ. ಡಬ್ಬಿಯ ಬಣ್ಣಕ್ಕೆ ಈ ಗಟ್ಟಿತನ ಎಲ್ಲಿಂದ ಬರಬೇಕು?

ಇದಕ್ಕೆ ದೂರ ಹೋಗಬೇಕಿಲ್ಲ. ಇಚಲಕರಂಜಿಯಲ್ಲಿ, ಕೊಲ್ಹಾಪುರದ ಶಿರೋಲಿ, ಗೋಕುಳ ಶಿರಗಾವ ಕೈಗಾರಿಕಾ ವಸಾಹತುಗಳಲ್ಲಿ ಗೇಟು, ಗ್ರಿಲ್, ಯಂತ್ರದ ಭಾಗಗಳಿಗೆ ಇದೇ ಕೆಲಸ ಮಾಡುವವರಿದ್ದಾರೆ. ಕಾರಿನ ಗಾಲಿ ಅವರಿಗೆ ಚಿಲ್ಲರೆ ಕೆಲಸ. ಅಗ್ಗದ ಗುಟ್ಟು ಇರುವುದೂ ಅಲ್ಲೇ.

“ಕಾಕಾ, ನಾಕ ಗಾಲಿ ಅದಾವು, ಮಾಡಿ ಕೊಡ್ತೀರೇನು?” ಎಂದು ಅಂಥ ಒಬ್ಬರನ್ನು ಕೇಳಿದೆ.

“ಇವತ್ತ ಕರೀದು ನಡದೈತಿ. ನಿಮಗೂ ಕರೀದ ನಡೀತಿದ್ರ ಅದರ ಜೋಡೀನ ಒಲ್ಯಾಗ ಹಾಕತೇನಿ. ಬ್ಯಾರೆ ಬಣ್ಣ ಬೇಕಂದ್ರ ಗನ್ನು, ಬೂತು ಎಲ್ಲಾ ಸ್ವಚ್ಛ ಮಾಡ್ಬೇಕು. ರೊಕ್ಕ ಹೆಚ್ಚಾಕ್ಕೈತಿ ನೋಡ್ರಿ.”

ನನ್ನ ಗಾಲಿಗಳು ಕಪ್ಪಾದವು. ಇದು ಮೂರನೆಯ ಮಳೆಗಾಲ. ಇನ್ನೂ ಗುಳ್ಳೆ ಎದ್ದಿಲ್ಲ.

ಅಲಾಯ್ ಗಾಲಿಯ ಮಾತೇ ಬೇರೆ. ಅದು ಅಲ್ಯೂಮಿನಿಯಮ್ಮಿನ ಎರಕ. ಎರಕದೊಳಗೆ ಬ್ಲೋ ಹೋಲ್, ಅಂದರೆ ಗಾಳಿಗುಳ್ಳೆಗಳು, ಇರುತ್ತವೆಂದು ಈ ಭಾಗದ ಫೌಂಡ್ರಿ ಕೆಲಸಗಾರರಿಗೆ ಹೇಳಿಕೊಡಬೇಕಿಲ್ಲ. ಒಲೆಯ ಕಾವಿಗೆ ಆ ಗಾಳಿ ಹೊರಬಂದರೆ ಹೊಸ ಬಣ್ಣದ ಮೇಲೆ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಬಲ್ಲವರು ಪುಡಿ ಊದುವ ಮೊದಲೇ ಬರಿಯ ರಿಮ್ಮನ್ನು ಒಮ್ಮೆ ಕಾಯಿಸಿ ಗಾಳಿ ಕಳೆಯುತ್ತಾರೆ. ಆದರೆ ಅಲಾಯನ್ನು ಪದೇ ಪದೇ ಒಲೆಗೆ ಹಾಕಬಾರದು, ಹಳೆಯ ಬಣ್ಣ ಸುಡಲು ಬರ್ನರ್ ಹಿಡಿಯಲೇಬಾರದು. ಶಾಖದಲ್ಲಿ ಹದಮಾಡಿದ ಲೋಹ ಹೆಚ್ಚಿನ ಕಾವಿಗೆ ಮೆತ್ತಗಾಗುತ್ತದೆ. ಬಿರುಕು ಬಿಟ್ಟ ಅಲಾಯಿಗೆ ಯಾವ ಬಣ್ಣವೂ ಬೇಡ, ಗುಜರಿಗೆ ಕೊಟ್ಟುಬಿಡಿ.

ಲೇತಿನಲ್ಲಿ ಕಡೆದ, ಡೈಮಂಡ್ ಕಟ್ ಎನ್ನುವ ಮಿರುಗು ಗಾಲಿ ನನಗೆ ಅಷ್ಟಕ್ಕಷ್ಟೆ. ಮೇಲಿನ ಪಾರದರ್ಶಕ ಪದರ ಒಂದೆಡೆ ಸೀಳಿದರೂ ನೀರು ಒಳನುಗ್ಗಿ ಬಿಳಿ ಹುಳು ಹರಿದಂಥ ಗೆರೆಗಳು ಹಬ್ಬುತ್ತವೆ. ಮತ್ತೆ ಕಡೆಯಬಹುದು, ನಿಜ, ಆದರೆ ಪ್ರತಿಸಲವೂ ಲೋಹ ಸವೆಯುತ್ತದೆ. ಅದರ ಬದಲು ಇಡೀ ಗಾಲಿಗೆ ಒಂದೇ ಬಣ್ಣ ಹಾಕಿಸುವುದು ಜಾಣತನ. ಅಂಚಿನಲ್ಲಿ ಗೀರು ಬಿದ್ದಷ್ಟೇ ಆಗಿದ್ದರೆ, ಉಜ್ಜಿ ಪ್ರೈಮರ್ ಹಾಕಿದ ಮೇಲೆ ಡಬ್ಬಿ ಸ್ಪ್ರೇಯೇ ಸಾಕು. ತೊಳೆಯುವಾಗ ಆಸಿಡ್ ಬೇಡವೆಂದು ವಾಷಿಂಗ್ ಸೆಂಟರಿನವರಿಗೆ ಮೊದಲೇ ಹೇಳಿಬಿಡಿ.

ಕೋಟಿಂಗಿಗೆ ಕೊಡುವಾಗ ನಟ್ಟು ಕೂರುವ ತೂತುಗಳಿಗೂ ಹಬ್ಬಿಗೆ ತಾಗುವ ಮುಖಕ್ಕೂ ಟೇಪು ಹಚ್ಚಲು ಹೇಳಿ. ಅಲ್ಲಿ ದಪ್ಪ ಪದರ ಕೂತರೆ ಓಡುತ್ತ ಓಡುತ್ತ ಅದು ಸವೆದು ನಟ್ಟು ಸಡಿಲಾಗುತ್ತದೆ. 50–100 ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿ. ಒಳಮೂಲೆಗಳಿಗೆ ಪುಡಿ ಸುಲಭವಾಗಿ ಇಳಿಯದು. ದುಡ್ಡು ಕೊಡುವ ಮುನ್ನ ಅಲ್ಲಿ ಬೆರಳಾಡಿಸಿ ನೋಡಿ.

ಟೈರು ಬದಲಿಸುವ ಹೊತ್ತಿಗೆ ಕಾಯ್ದರೆ ಇನ್ನೂ ಒಳ್ಳೆಯದು. ಬಿಚ್ಚುವ, ಹಾಕುವ, ಬ್ಯಾಲೆನ್ಸಿಂಗ್ ಮಾಡುವ ಖರ್ಚು ಒಂದೇ ಸಲಕ್ಕೆ ಮುಗಿಯುತ್ತದೆ.